ರಾತ್ರಿ ಅನ್ನ ಬಿಟ್ಟವರು

ಬೆಳಗ್ಗೆ ಆರೂವರೆಗೆ ಬಸವೇಶ್ವರನಗರದ ಯಾವುದೇ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ. ಶುಗರ್ರು, ಮಂಡಿನೋವು, ಮಗಳ ಗ್ರೀನ್ ಕಾರ್ಡು, ಇವುಗಳ ನಡುವೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ನಾನು ರಾತ್ರಿ ಅನ್ನ ಬಿಟ್ಬಿಟ್ಟಿದೀನಿ ಸಾರ್, ನಾಲ್ಕು ಕೆ.ಜಿ. ಇಳಿದೆ.’ ಜೊತೆಯಲ್ಲಿ ನಡೆಯುವವರು ಹೌದಾ ಎಂದು ಹುಬ್ಬೇರಿಸುತ್ತಾರೆ. ಅನ್ನದ ಬದಲು ಏನು ಎಂದು ಕೇಳಿದರೆ ಉತ್ತರ ಗೊತ್ತಿರುವುದೇ. ‘ಚಪಾತಿ. ಮೂರೇ ಮೂರು.’

ಈ ಉತ್ತರ ಕೇಳಿ ಒಳಗೊಳಗೇ ನಗುವ ಆಹಾರತಜ್ಞರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಪಟ್ಟಿಯನ್ನು ತೆರೆದು ನೋಡಿದರೆ ನಗು ಯಾಕೆಂದು ತಿಳಿಯುತ್ತದೆ. ನಾರನ್ನು ಬಿಟ್ಟು ಲೆಕ್ಕ ಹಾಕಿದರೆ, 100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ, ಗೋಧಿ ಹಿಟ್ಟಿನಲ್ಲಿ 64. ಮೂರು ಚಪಾತಿಗೆ 90 ಗ್ರಾಂ ಹಿಟ್ಟು ಹಿಡಿಯಿತು ಎನ್ನಿ, 58 ಗ್ರಾಂ ಕಾರ್ಬ್ ಆಯಿತು. 75 ಗ್ರಾಂ ಅಕ್ಕಿಯ ಅನ್ನದಲ್ಲಿರುವುದೂ ಅಷ್ಟೇ. ಹಾಗಾದರೆ ಪಾರ್ಕಿನ ಹಿರಿಯರು ಇಳಿಸಿದೆನೆಂದ ನಾಲ್ಕು ಕೆ.ಜಿ. ಸುಳ್ಳೇ? ಸುಳ್ಳಿರಲಾರದು. ಚಪಾತಿಯನ್ನು ಎಣಿಸಬಹುದು, ಅನ್ನವನ್ನು ಯಾರೂ ಎಣಿಸುವುದಿಲ್ಲ. ಹುಳಿಗೆ ಒಂದು ಸಲ ಅನ್ನ, ಸಾರಿಗೆ ಇನ್ನೊಂದು ಸಲ, ತಟ್ಟೆಯಲ್ಲಿ ಸಾರು ಉಳಿಯಿತೆಂದು ಮತ್ತೆ ಅರ್ಧ ಸೌಟು, ಕೊನೆಗೆ ಮೊಸರಿಗೆ. ನಮ್ಮ ಊಟದ ಕ್ರಮವೇ ಅನ್ನವನ್ನು ಮೂರು ಸಲ ಬಡಿಸುವ ಕ್ರಮ. ಮೂರು ಚಪಾತಿ ತಿಂದು ಕೈತೊಳೆದವರು ಈ ಕ್ರಮದಿಂದ ಹೊರಬಂದಿದ್ದಾರೆ, ಅಷ್ಟೆ. ಕಡಿಮೆ ಕಾರ್ಬ್ ಆಹಾರ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಉಳಿದ ಕಾಲು ಪಾಲು ದೇಹದೊಳಗಿನ ಕಥೆ. ಅದು ಸ್ವಾರಸ್ಯವಾಗಿದೆ, ಅದರ ಸುತ್ತ ಉತ್ಪ್ರೇಕ್ಷೆಯೂ ಬೇಕಾದಷ್ಟಿದೆ.

ಮೊದಲ ವಾರದ ಪವಾಡದಿಂದ ಶುರುಮಾಡೋಣ. ಅನ್ನ, ಮುದ್ದೆ, ದೋಸೆ, ಯಾವುದರ ಪಿಷ್ಟವೇ ಆಗಲಿ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಸೇರುತ್ತದೆ. ಸದ್ಯಕ್ಕೆ ಬೇಕಾದದ್ದನ್ನು ಬಳಸಿಕೊಂಡು ಮಿಕ್ಕಿದ್ದರಲ್ಲಿ ಒಂದು ಭಾಗವನ್ನು ದೇಹ ಗ್ಲೈಕೊಜೆನ್ ಮಾಡಿ ಇಟ್ಟುಕೊಳ್ಳುತ್ತದೆ, ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಈ ದಾಸ್ತಾನು ಒಣಗಿರುವುದಿಲ್ಲ. ರಾತ್ರಿ ನೆನೆಹಾಕಿದ ಕಡಲೆಕಾಳಿನಂತೆ ನೀರು ಹೀರಿಕೊಂಡೇ ಕೂತಿರುತ್ತದೆ, ಒಂದು ಗ್ರಾಂ ಗ್ಲೈಕೊಜೆನ್ನಿಗೆ ಸುಮಾರು ಮೂರು ಗ್ರಾಂ ನೀರು. ಪಿಷ್ಟ ತಿನ್ನುವುದನ್ನು ದಿಢೀರನೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಈ ದಾಸ್ತಾನು ಬಹುಪಾಲು ಖಾಲಿಯಾಗುತ್ತದೆ, ನೀರೂ ಅದರ ಹಿಂದೆಯೇ ಹೊರಡುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನು ಹೆಚ್ಚಾಗಿ ಹೊರಹಾಕುವುದರಿಂದ ಇನ್ನಷ್ಟು ನೀರು ಹೋಗುತ್ತದೆ. ತೂಕದ ಯಂತ್ರದಲ್ಲಿ ಎರಡು ಕೆ.ಜಿ. ಮಾಯ!

ಅದು ಕೊಬ್ಬಾಗಿದ್ದರೆ? ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇದೆ. ದಿನಕ್ಕೆ 2,000 ಖರ್ಚು ಮಾಡುವ ಮನುಷ್ಯ ತೊಟ್ಟು ಹಾಲೂ ಕುಡಿಯದೆ ಉಪವಾಸ ಕೂತರೂ ಒಂದು ಕೆ.ಜಿ. ಕೊಬ್ಬು ಕರಗಲು ಹೆಚ್ಚುಕಡಿಮೆ ನಾಲ್ಕು ದಿನ ಬೇಕು. ಐದು ದಿನದಲ್ಲಿ ಮೂರು ಕೆ.ಜಿ. ಕೊಬ್ಬು ಇಳಿಸುತ್ತೇವೆನ್ನುವ ಜಾಹೀರಾತುಗಳನ್ನು ಈ ಒಂದು ಭಾಗಾಕಾರದಿಂದಲೇ ಮಡಚಿಡಬಹುದು. ಇದೇ ಲೆಕ್ಕ ತಿರುಗಿಯೂ ನಿಲ್ಲುತ್ತದೆ. ತಿಂಗಳುಗಟ್ಟಲೆ ಬಿಗಿಹಿಡಿದವರು ಯುಗಾದಿಯ ದಿನ ನಾಲ್ಕು ಒಬ್ಬಟ್ಟು, ಚಿತ್ರಾನ್ನ ತಿಂದು ಮರುದಿನ ತೂಕ ನೋಡಿ ಎದೆ ಹಿಡಿದುಕೊಳ್ಳುತ್ತಾರೆ. ಏರಿದ್ದರಲ್ಲಿ ಹೆಚ್ಚಿನದು ನೀರು, ಒಂದೆರಡು ದಿನ ಮೊದಲಿನಂತೆ ಉಂಡರೆ ಇಳಿಯುತ್ತದೆ. ಅಂಥವರಿಗೆ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಂಬಿಕಸ್ಥ. ಭಾರತೀಯರ ಮಟ್ಟಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗಿನ ಕೊಬ್ಬು ಮಿತಿಮೀರಿದೆ ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ.

ಇನ್ನು ಇನ್ಸುಲಿನ್. ಊಟವಾದ ಮೇಲೆ ಮೇದೋಜೀರಕ ಗ್ರಂಥಿ ಇದನ್ನು ಸುರಿಸುತ್ತದೆ. ಗ್ಲೂಕೋಸನ್ನು ಜೀವಕೋಶಗಳಿಗೆ ದಾಟಿಸುವುದು ಇದರ ಪ್ರಸಿದ್ಧ ಕೆಲಸ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕೆಲಸವೆಂದರೆ ಕೊಬ್ಬಿನ ಕೋಶಗಳಿಂದ ಕೊಬ್ಬು ಹೊರಬರದಂತೆ ತಡೆಯುವುದು. ರಕ್ತದಲ್ಲಿ ಗ್ಲೂಕೋಸ್ ಇರುವಾಗ ಕೊಬ್ಬನ್ನು ಯಾಕೆ ಉರಿಸಬೇಕು ಎಂಬುದು ದೇಹದ ನ್ಯಾಯ. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಕೊಬ್ಬಿನಾಮ್ಲಗಳು ರಕ್ತಕ್ಕೆ ಬರುತ್ತವೆ, ಸ್ನಾಯುಗಳು ಅವನ್ನು ಉರಿಸುತ್ತವೆ. ಕಾರ್ಬ್ ದಿನಕ್ಕೆ 50 ಗ್ರಾಮಿಗಿಂತ ಕೆಳಗಿಳಿದರೆ ಲಿವರು ಕೊಬ್ಬಿನಿಂದ ಕೀಟೋನುಗಳನ್ನು ತಯಾರಿಸಿ ಮೆದುಳಿಗೆ ಕಳಿಸತೊಡಗುತ್ತದೆ. ಮೆದುಳು ಕೊಬ್ಬಿನಾಮ್ಲವನ್ನು ನೇರವಾಗಿ ಉರುವಲು ಮಾಡಿಕೊಳ್ಳಲಾರದು, ದಿನಕ್ಕೆ 120 ಗ್ರಾಮಿನಷ್ಟು ಗ್ಲೂಕೋಸ್ ಕೇಳುವ ಅಂಗ ಅದು. ಗ್ಲೂಕೋಸಿಗೆ ಬರಗಾಲ ಬಂದಾಗ ಮಾತ್ರ ಕೀಟೋನಿಗೆ ಒಗ್ಗಿಕೊಳ್ಳುತ್ತದೆ. ಕೀಟೋ ಡಯಟ್ ಮಾಡುವವರ ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬರುವುದುಂಟು. ಅದು ಅಸಿಟೋನ್, ಕೀಟೋನುಗಳ ಪೈಕಿ ಒಂದು.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಬೆವರು ಎನ್ನುತ್ತಾರೆ. 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಬೀಳುತ್ತದೆ, ಉಳಿದದ್ದು ನೀರು. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬೆವರಿಳಿಸುತ್ತ ಜಾಗಿಂಗ್ ಮಾಡುವವರು ಇದನ್ನು ಗಮನಿಸಬೇಕು.

ಇನ್ಸುಲಿನ್ ಇಳಿದರೆ ಕೊಬ್ಬು ತಾನಾಗಿಯೇ ಕರಗುತ್ತದೆ, ಎಷ್ಟು ತಿಂದರೂ ಪರವಾಗಿಲ್ಲ ಎಂಬ ವಾದ ಇಲ್ಲಿಂದ ಹುಟ್ಟಿತು. ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಬರೆದ ಪುಸ್ತಕ ಬೆಣ್ಣೆ, ಮೊಟ್ಟೆ, ಮಾಂಸವನ್ನು ಹೊಟ್ಟೆತುಂಬ ತಿನ್ನಿ, ಬ್ರೆಡ್ಡು ಮುಟ್ಟಬೇಡಿ ಎಂದು ಹೇಳಿ ಲಕ್ಷಗಟ್ಟಲೆ ಮಾರಾಟವಾಯಿತು. ಮಾತು ಹೊಸದೇನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ 1863ರಲ್ಲೇ ಬ್ರೆಡ್ಡು, ಆಲೂಗೆಡ್ಡೆ, ಸಕ್ಕರೆ, ಬಿಯರು ಬಿಟ್ಟು 20 ಕೆ.ಜಿ.ಯಷ್ಟು ಇಳಿದದ್ದನ್ನು ಕಿರುಹೊತ್ತಿಗೆ ಮಾಡಿ ಹಂಚಿದ್ದ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಬೇರೆ, ಅವನು ಫ್ರೆಡರಿಕ್. ಮೊದಲ ಬ್ಯಾಂಟಿಂಗಿಗೆ ಇನ್ಸುಲಿನ್ನಿನ ಹೆಸರೂ ಗೊತ್ತಿರಲಿಲ್ಲ, ಆದರೂ ಹೊಟ್ಟೆ ಇಳಿದಿತ್ತು.

ಈ ವಾದವನ್ನು ಒರೆಗೆ ಹಚ್ಚಿದವರಲ್ಲಿ ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮುಖ್ಯರು. ದಪ್ಪಗಿದ್ದ 19 ಮಂದಿಯನ್ನು ವಾರ್ಡಿನೊಳಗೇ ಇರಿಸಿಕೊಂಡು, ಪ್ರತಿ ತುತ್ತನ್ನೂ ತೂಗಿ ಕೊಟ್ಟು ನಡೆಸಿದ ಪ್ರಯೋಗ ಅದು, ಪ್ರಕಟವಾದದ್ದು 2015ರಲ್ಲಿ. ಆರು ದಿನ ಊಟದಿಂದ ಕಾರ್ಬ್ ಕಡಿದರು. ಇನ್ನೊಂದು ಸರದಿಯಲ್ಲಿ ಅಷ್ಟೇ ಕ್ಯಾಲೊರಿಯನ್ನು ಕೊಬ್ಬಿನಿಂದ ಕಡಿದರು. ಕಾರ್ಬ್ ಕಡಿದಾಗ ಇನ್ಸುಲಿನ್ ಇಳಿಯಿತು, ಕೊಬ್ಬು ಉರಿಯುವುದೂ ಹೆಚ್ಚಿತು, ಪುಸ್ತಕದಲ್ಲಿ ಹೇಳಿದ ಹಾಗೆಯೇ. ಆದರೆ ದೇಹದಿಂದ ನಿವ್ವಳವಾಗಿ ಕಳೆದ ಕೊಬ್ಬು ದಿನಕ್ಕೆ 53 ಗ್ರಾಂ. ಕೊಬ್ಬನ್ನು ಕಡಿದಾಗ ಕಳೆದದ್ದು 89 ಗ್ರಾಂ, ಅದೂ ಇನ್ಸುಲಿನ್ ಅಷ್ಟೇನೂ ಇಳಿಯದೆ. ಯಾಕೆಂದರೆ ಹೆಚ್ಚು ಕೊಬ್ಬು ತಿನ್ನುವವರ ದೇಹ ಮೊದಲು ಉರಿಸುವುದು ತಟ್ಟೆಯಿಂದ ಬಂದ ಕೊಬ್ಬನ್ನು. ಹೊಟ್ಟೆಯಲ್ಲಿರುವುದರ ಸರದಿ ಆಮೇಲೆ. ಆರು ದಿನದ ಪ್ರಯೋಗ ಬದುಕಿಗೆ ಕನ್ನಡಿಯಾಗದು, ಒಪ್ಪಿದೆ. ಆದರೆ ಎಷ್ಟು ತಿಂದರೂ ಪರವಾಗಿಲ್ಲ ಎಂಬ ಮಾತಿಗೆ ಇಷ್ಟು ಸಾಕು.

ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ ನಡೆಸಿದ್ದು ದೊಡ್ಡ ಪ್ರಯೋಗ. 609 ಜನ, ಒಂದು ವರ್ಷ, ಫಲಿತಾಂಶ ಬಂದದ್ದು 2018ರಲ್ಲಿ. ಕಾರ್ಬ್ ಬಿಟ್ಟವರು ಸರಾಸರಿ 6 ಕೆ.ಜಿ. ಇಳಿದರು, ಕೊಬ್ಬು ಬಿಟ್ಟವರು 5.3. ಇಷ್ಟು ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರ ವ್ಯತ್ಯಾಸವೆಂದು ಒಪ್ಪುವುದಿಲ್ಲ. ಎರಡೂ ಗುಂಪಿಗೆ ಕೊಟ್ಟಿದ್ದ ಸೂಚನೆಯಲ್ಲಿ ಒಂದು ಅಂಶ ಸಮಾನವಾಗಿತ್ತು: ಸಕ್ಕರೆ, ಮೈದಾ, ಪ್ಯಾಕೆಟ್ ತಿಂಡಿ ಬಿಡಿ, ತರಕಾರಿ ಹೆಚ್ಚು ತಿನ್ನಿ. ಕ್ಯಾಲೊರಿ ಎಣಿಸಿ ಎಂದು ಯಾರಿಗೂ ಹೇಳಿರಲಿಲ್ಲ. ಆದರೂ ಎರಡೂ ಕಡೆಯವರು ಮೊದಲಿಗಿಂತ ಕಡಿಮೆ ತಿಂದರು.

ಇದನ್ನು ನಮ್ಮ ರಸ್ತೆಗೆ ತಂದು ನೋಡಿ. ವಿಜಯನಗರದಲ್ಲಾಗಲಿ ರಾಜಾಜಿನಗರದಲ್ಲಾಗಲಿ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವಷ್ಟರಲ್ಲಿ ಒಂದು ದರ್ಶಿನಿ, ಒಂದು ಅಯ್ಯಂಗಾರ್ ಬೇಕರಿ, ಒಂದು ಪಾನಿಪುರಿ ಗಾಡಿ ಸಿಗದಿದ್ದರೆ ಅದು ಬೆಂಗಳೂರಲ್ಲ. ಕಾರ್ಬ್ ಬಿಡುತ್ತೇನೆ ಎಂದು ತೀರ್ಮಾನಿಸಿದ ಕೂಡಲೇ ಇವೆಲ್ಲ ಒಟ್ಟಿಗೆ ಕೈಬಿಡುತ್ತವೆ. ಖಾರಾಬನ್ನಿನ ಮೈದಾ ಬಿಟ್ಟವರು ಅದರಲ್ಲಿದ್ದ ಡಾಲ್ಡಾವನ್ನೂ ಬಿಟ್ಟಂತಾಯಿತು. ಚೌಚೌಬಾತ್ ಬಿಟ್ಟರೆ ಕೇಸರಿಬಾತಿನ ರವೆ, ಸಕ್ಕರೆ ಮಾತ್ರವಲ್ಲ, ತಳದಲ್ಲಿ ಮಿನುಗುತ್ತಿದ್ದ ತುಪ್ಪವೂ ಹೋಯಿತು. ಬರೀ ತುಪ್ಪವನ್ನು ಬಟ್ಟಲಲ್ಲಿ ಹಾಕಿಕೊಂಡು ಯಾರೂ ತಿನ್ನುವುದಿಲ್ಲ. ಎಣ್ಣೆ, ಬೆಣ್ಣೆ ನಮ್ಮ ಹೊಟ್ಟೆ ಸೇರುವುದು ದೋಸೆ, ಪೂರಿ, ಬೋಂಡದ ಹೆಗಲೇರಿ. ಹಾಗಾಗಿ ನಮ್ಮೂರಿನಲ್ಲಿ ಕಾರ್ಬ್ ಕಡಿಮೆ ಮಾಡುವ ಡಯಟ್ಟು ಸದ್ದಿಲ್ಲದೆ ಕೊಬ್ಬು ಕಡಿಮೆ ಮಾಡುವ ಡಯಟ್ಟೂ ಆಗಿಬಿಡುತ್ತದೆ. ಅದರ ಯಶಸ್ಸಿನ ಗುಟ್ಟು ಇದು ಎಂದರೆ ಡಯಟ್ ಪುಸ್ತಕದವರಿಗೆ ಹಿಡಿಸುವುದಿಲ್ಲ.

ಖಾಲಿಯಾದ ಜಾಗಕ್ಕೆ ಪ್ರೋಟೀನ್ ಬಂದರೆ ಇನ್ನೂ ಎರಡು ಅನುಕೂಲ. ಅದು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಅದನ್ನು ಅರಗಿಸಿಕೊಳ್ಳುವುದಕ್ಕೇ ಅದರಲ್ಲಿರುವ ಶಕ್ತಿಯ 20ರಿಂದ 30 ಶೇಕಡಾ ಖರ್ಚಾಗುತ್ತದೆ, ಪಿಷ್ಟಕ್ಕೆ ಹೀಗೆ ಖರ್ಚಾಗುವುದು 5ರಿಂದ 10 ಶೇಕಡಾ. ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುವುದೂ ಅದೇ.

ಇಷ್ಟು ಹೇಳಿದ ಮೇಲೆ ಮಾಗಡಿ ರಸ್ತೆ, ಮೈಸೂರು ರಸ್ತೆಯ ಜನ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಈ ಭಾಗದಲ್ಲಿ ನೆಲೆಸಿದವರಲ್ಲಿ ಕುಣಿಗಲ್ಲು, ಮಾಗಡಿ, ಚನ್ನಪಟ್ಟಣ, ಮಂಡ್ಯದ ಕಡೆಯಿಂದ ಬಂದವರು ಬಹಳ. ‘ನಾವು ಮುದ್ದೆ ತಿನ್ನೋರು, ನಮಗೇನು ಬಿಡಿ’ ಎನ್ನುವ ಹೆಮ್ಮೆ ಇದೆ. ರಾಗಿಯ ಬಗ್ಗೆ ನನಗೂ ಅಭಿಮಾನ ಕಡಿಮೆಯಿಲ್ಲ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 11 ಗ್ರಾಂ ನಾರಿದೆ. ಅಕ್ಕಿಯಲ್ಲಿ ನಾರು ಮೂರು ಗ್ರಾಮೂ ಇಲ್ಲ. ಆದರೆ ಕಾರ್ಬ್ ವಿಷಯಕ್ಕೆ ಬಂದರೆ ರಾಗಿಯದು 67 ಗ್ರಾಂ, ಕ್ಯಾಲೊರಿ 320, ಅಕ್ಕಿಯದು 356. ಮುದ್ದೆಯೂ ಪಿಷ್ಟವೇ, ಅದೂ ನುಣ್ಣಗೆ ಬೀಸಿಸಿದ ಹಿಟ್ಟಿನದು.

ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಂದಿಗೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62 ಶೇಕಡಾ ಬರುವುದು ಕಾರ್ಬೋಹೈಡ್ರೇಟಿನಿಂದ. ಸಿರಿಧಾನ್ಯ ಮುಖ್ಯ ಆಹಾರವಾಗಿ ಉಳಿದಿರುವ ಬೆರಳೆಣಿಕೆಯ ರಾಜ್ಯಗಳಲ್ಲಿ ಕರ್ನಾಟಕ ಒಂದು. ಸಂತೋಷ. ಆದರೆ ಅದೇ ವರದಿಯ ಇನ್ನೊಂದು ಮಾತು ಮುದ್ದೆಯವರಿಗೂ ಚಪಾತಿಯವರಿಗೂ ಕಹಿ. ಒಟ್ಟು ಕಾರ್ಬ್ ಇಳಿಸದೆ, ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು ಕೂರಿಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾಗುವುದು ಕಂಡುಬಂದಿಲ್ಲ. ಕಾರ್ಬಿನ ಕ್ಯಾಲೊರಿಯಲ್ಲಿ ಒಂದು ಸಣ್ಣ ಪಾಲನ್ನು ಬೇಳೆಕಾಳಿನ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬದಲಿಸಿದವರಲ್ಲಿ ಅಪಾಯ ಕಡಿಮೆಯಿತ್ತು.

ಅಜ್ಜ ಎರಡು ಮುದ್ದೆ ನುಂಗಿಯೂ ಕಡ್ಡಿಯಂತಿದ್ದರಲ್ಲ ಎಂದರೆ, ಅಜ್ಜ ಉಳುತ್ತಿದ್ದರು. ಮೊಮ್ಮಗ ಕೆಂಗೇರಿಯಲ್ಲಿ ನೇರಳೆ ಮೆಟ್ರೊ ಹತ್ತಿ ವೈಟ್‌ಫೀಲ್ಡಿನ ಕಡೆಗೆ ಒಂದು ಗಂಟೆಗೂ ಮೀರಿ ಕೂತು ಹೋಗುತ್ತಾನೆ, ಅಲ್ಲಿ ಒಂಬತ್ತು ಗಂಟೆ ಕೂತು, ಮತ್ತೆ ಕೂತು ಬರುತ್ತಾನೆ. ಸೀಟು ಸಿಗದ ದಿನ ದೇಹಕ್ಕೆ ಒಳ್ಳೆಯದೇ ಆಯಿತೆನ್ನಬೇಕು.

ಹಾಗೆಂದು ಮುದ್ದೆಯ ಊಟವನ್ನು ಬಿಡಬೇಕಾಗಿಲ್ಲ. ಅದರೊಳಗೇ ಒಂದು ದಾರಿ ಇದೆ, ಬಸ್ಸಾರು. ಹುರುಳಿಕಾಳನ್ನೋ ಹೆಸರುಕಾಳನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಹುಣಸೆ ರುಬ್ಬಿ ಹಾಕಿದರೆ ಸಾರು. ಬೆಂದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪ್ರೋಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಬಡಿಸುವಾಗ ನೋಡಿ, ತಟ್ಟೆಯ ನಡುವೆ ಮುದ್ದೆ, ಅದರ ಸುತ್ತ ಸಾರು, ಮೂಲೆಯಲ್ಲಿ ನಂಚಿಕೊಳ್ಳಲು ಎರಡು ಚಮಚ ಪಲ್ಯ. 100 ಗ್ರಾಂ ಹಿಟ್ಟಿನ ಮುದ್ದೆ, ಆಮೇಲೆ ಮೊಸರಿಗೆ 50 ಗ್ರಾಂ ಅಕ್ಕಿಯ ಅನ್ನ ಎಂದರೆ ಧಾನ್ಯದಿಂದಲೇ 106 ಗ್ರಾಂ ಕಾರ್ಬ್, ಸುಮಾರು 500 ಕ್ಯಾಲೊರಿ, ಪ್ರೋಟೀನ್ 11 ಗ್ರಾಂ. ಇದನ್ನೇ ತಿರುವಿಹಾಕಿ. ಮುದ್ದೆ ಅರ್ಧ, ಅನ್ನ ಇಲ್ಲ, ಪಲ್ಯ 60 ಗ್ರಾಂ ಒಣ ಹುರುಳಿಕಾಳಿನದು, ಮೊಸರನ್ನು ಬಟ್ಟಲಲ್ಲೇ ಕುಡಿಯುವುದು. ಮುದ್ದೆ, ಕಾಳು ಸೇರಿ 67 ಗ್ರಾಂ ಕಾರ್ಬ್, 360 ಕ್ಯಾಲೊರಿ, ಪ್ರೋಟೀನ್ 16 ಗ್ರಾಮಿಗೂ ಮೇಲೆ. ಒಲೆಯ ಮೇಲಿನ ಅಡುಗೆಯಲ್ಲಿ ಏನೂ ಬದಲಾಗಲಿಲ್ಲ, ಬದಲಾದದ್ದು ಸೌಟಿನ ಲೆಕ್ಕ.

ಪೂರ್ತಿ ಕೀಟೋ ಮಾಡುವವರಿಗೆ ಇದೂ ಸಲ್ಲದು. ಆ 60 ಗ್ರಾಂ ಹುರುಳಿಯಲ್ಲೇ 34 ಗ್ರಾಂ ಕಾರ್ಬ್ ಇದೆ, ದಿನದ ಪಾಲು ಬಹುತೇಕ ಮುಗಿಯಿತು. ಸಸ್ಯಾಹಾರಿ ಮನೆಯಲ್ಲಿ ಕೀಟೋ ಎಂದರೆ ಪನೀರು, ತೆಂಗಿನಕಾಯಿ, ಬಾದಾಮಿ, ಅಣಬೆ, ಮತ್ತೆ ಪನೀರು. ಬಾಡೂಟದವರಿಗೆ ಕಷ್ಟ ಸ್ವಲ್ಪ ಕಡಿಮೆ. ಈ ಪಥ್ಯ ಹುಟ್ಟಿದ್ದೂ ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಇವತ್ತಿಗೂ ಕೊಡುತ್ತಾರೆ. ಅಂಥ ಬಿಗಿಯಾದ ಚಿಕಿತ್ಸೆಯನ್ನು ಫೋನಿನಲ್ಲಿ ನೋಡಿ ಶುರುಮಾಡುವುದು ನನಗೆ ಸರಿಕಾಣುವುದಿಲ್ಲ. ಕೆಲವರಿಗೆ ತಲೆನೋವು, ಸುಸ್ತು, ಮಲಬದ್ಧತೆ ಬರುತ್ತವೆ, ಕೆಲವರ ಕೆಟ್ಟ ಕೊಲೆಸ್ಟರಾಲ್ ಜಿಗಿಯುತ್ತದೆ.

ಶುಗರ್ ಮಾತ್ರೆ ತೆಗೆದುಕೊಳ್ಳುವವರಂತೂ ಡಾಕ್ಟರಿಗೆ ಹೇಳದೆ ಅನ್ನ ಬಿಡಲೇಬಾರದು, ಇದನ್ನು ಒತ್ತಿ ಹೇಳುತ್ತೇನೆ. ಗ್ಲಿಮೆಪಿರೈಡ್ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಕಾರ್ಬ್ ತಿನ್ನದೆ ಮಲಗಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಳಗದ ಮಾತ್ರೆಗಳದು ಬೇರೆಯೇ ಅಪಾಯ. ಇವು ಗ್ಲೂಕೋಸನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅದರ ಮೇಲೆ ಕಾರ್ಬನ್ನೂ ಬಿಟ್ಟರೆ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಮೀಟರಿನಲ್ಲಿ ಶುಗರ್ ತೀರಾ ಹೆಚ್ಚೇನೂ ತೋರಿಸದೆಯೇ ಇದು ಆಗಬಹುದಾದ್ದರಿಂದ ವಾಂತಿ, ಏದುಸಿರು ಬಂದರೂ ಮನೆಯವರಿಗೆ ಅನುಮಾನ ಬರುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ಈ ಪ್ರಯೋಗಕ್ಕೆ ಕೈಹಾಕುವುದೇ ಬೇಡ.

ಇನ್ನೊಂದು ಕಡೆಯಿಂದಲೂ ಈ ಡಯಟ್ಟು ಎಡವುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಅಟ್ಕಿನ್ಸ್ ಕ್ರಮ ಹಿಡಿದವರು ಆರು ತಿಂಗಳಿಗೆ ಮುಂದಿದ್ದರು, ವರ್ಷ ತುಂಬುವಾಗ ಮುನ್ನಡೆ ಕರಗಿತ್ತು. ಇಲ್ಲಿನ ಮನೆಗಳಲ್ಲಿ ಆರು ತಿಂಗಳೂ ಹೆಚ್ಚು. ಕುಕ್ಕರು ಒಂದೇ. ಗಂಡನಿಗೆ ಕಾರ್ಬ್ ಇಲ್ಲದ್ದು, ಅತ್ತೆಗೆ ಮೆತ್ತಗಿನ ಅನ್ನ, ಮಕ್ಕಳ ಡಬ್ಬಿಗೆ ಪಲಾವ್ ಎಂದು ಮೂರು ಅಡುಗೆ ಮಾಡುವವಳ ಕೈ ಎಷ್ಟು ದಿನ ನಡೆದೀತು? ಡಯಟ್ಟಿನ ಕಷ್ಟವೆಲ್ಲ ತನ್ನದೇ ಎಂದುಕೊಂಡ ಗಂಡಸರು ಈ ಲೆಕ್ಕವನ್ನು ಬರೆದಿಡುವುದಿಲ್ಲ.

ಕಾಸಿನ ಲೆಕ್ಕ ಬೇರೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಬಡವರ ಮನೆಯ ಹಸಿವನ್ನು ನೀಗಿಸಿದ್ದು ಅಕ್ಕಿಯಿಂದ. ಹಸಿವಿನ ಮುಂದೆ ಕಾರ್ಬಿನ ಮಾತು ಆಡುವುದು ದುರಹಂಕಾರವಾದೀತು. ಆದರೆ ನ್ಯಾಯಬೆಲೆ ಅಂಗಡಿಯಲ್ಲಾಗಲಿ ಹೋಟೆಲಿನಲ್ಲಾಗಲಿ ಹೊಟ್ಟೆ ತುಂಬಿಸುವ ಅಗ್ಗದ ಸಾಮಗ್ರಿ ಪಿಷ್ಟವೇ. ಮಧ್ಯಾಹ್ನ ಒಂದೂವರೆಗೆ ಮಾಗಡಿ ರಸ್ತೆಯ ಮುದ್ದೆ ಊಟದ ಮೆಸ್ಸಿಗೆ ಹೋಗಿ. ಮುದ್ದೆ ಮುಗಿಯುತ್ತಿದ್ದಂತೆ ಬಡಿಸುವ ಹುಡುಗ ಅನ್ನದ ಬೇಸನ್ನು ಹಿಡಿದುಕೊಂಡು ಬಂದು, ಬೇಡ ಎಂದು ಕೈ ಅಡ್ಡ ಹಿಡಿದರೂ ‘ಸ್ವಲ್ಪ ಹಾಕಿಸ್ಕೊಳಿ ಅಣ್ಣ, ಅದಕ್ಕೇನು ದುಡ್ಡಿಲ್ಲ’ ಎನ್ನುತ್ತಾನೆ. ಪಲ್ಯ ಇನ್ನೊಂದು ಬಟ್ಟಲು ಕೇಳಿದರೆ ಗಲ್ಲಾಪೆಟ್ಟಿಗೆಯ ಕಡೆ ತಿರುಗಿ, ‘ಎಂಟನೇ ಟೇಬಲ್ಲು, ಒಂದು ಎಕ್ಸ್‌ಟ್ರಾ ಪಲ್ಯ’ ಎಂದು ಕೂಗುತ್ತಾನೆ.